ಮೂಗಿನ ಲೆಕ್ಕ

ರಾಸ್ ಅಲ್ ಖೈಮಾದಲ್ಲಿ, ಹಳೆಯ ಮೀನುಪೇಟೆಯ ಹಿಂದೆ
ಎರಡೂವರೆ ಮಾರು ಅಗಲದ ಅಂಗಡಿ.
ಗಾಜಿನ ಭರಣಿಗಳಲ್ಲಿ ಪುಡಿ ಹೊಗೆಸೊಪ್ಪು,
ಗೋಡೆಗೆ ಸಾಲಾಗಿ ಗೇಣುದ್ದವೂ ಇಲ್ಲದ ಕೊಳವೆಗಳು.
ಸೇದದವನು ನಾನು, ಮಾರುವವನೂ ನಾನೇ.

ಇದಕ್ಕಿಲ್ಲಿ ದೋಖಾ ಅನ್ನುತ್ತಾರೆ.
ಮೊದಲ ದಿನ ನಗು ತಡೆಯಲಾಗಲಿಲ್ಲ:
ಮೋಸವನ್ನೇ ತೂಗಿ, ಪೊಟ್ಟಣ ಕಟ್ಟಿ,
ಬಿಲ್ಲು ಹಾಕಿ ಕೊಡುತ್ತಾರಲ್ಲಪ್ಪಾ!
ಅಲ್ಲವಂತೆ. ಅರಬ್ಬಿಯಲ್ಲಿ ಅದು ತಲೆಸುತ್ತು.
ಒಂದೇ ದಮ್ಮು, ನೆಲ ಅರೆಗಳಿಗೆ ದೋಣಿಯಾಗಿ
ಮತ್ತೆ ನೆಲವೇ ಆಗುತ್ತದೆ.
ಮೋಸವೂ ಹಾಗೇ ತಾನೆ, ಅಂದುಕೊಂಡು
ಅರ್ಥ ತಿದ್ದಿಕೊಳ್ಳಲು ಹೋಗಲಿಲ್ಲ.

ಕಾಫಿ ಬಂದದ್ದು ಪಕ್ಕದಂಗಡಿಯಿಂದ.
ಹರಾರಿನ ತ್ಸೆಹಾಯ್ ಅಲ್ಲಿ ಹಸಿಬೀಜ ಹುರಿಯುತ್ತಾಳೆ.
ಅವಳ ಹೊಗೆ ನನ್ನಲ್ಲಿಗೆ, ನನ್ನ ಘಾಟು ಅವಳಲ್ಲಿಗೆ
ಬಾಡಿಗೆ ಕೊಡದೆ ಓಡಾಡಿಕೊಂಡಿದ್ದವು.
ಗಿರಾಕಿಗಳು ಕೇಳತೊಡಗಿದರು:
ಯಾವುದರ ಜೊತೆ ಯಾವುದು?

ಮೂಗು ಹೇಳಿದ್ದನ್ನು ಹೇಳಿದೆ.
ತಿಳಿ ಸೊಪ್ಪಿಗೆ ಏಲಕ್ಕಿಯ ಗಹ್ವಾ,
ಬೀಜ ಹೊಂಬಣ್ಣ ಬಿಡುವ ಮೊದಲೇ ಇಳಿಸಿದ್ದು.
ಕಡು ಸೊಪ್ಪಿಗೆ ತ್ಸೆಹಾಯ್ಳ ಕಪ್ಪು ಕಾಫಿ,
ಸಕ್ಕರೆ ಬೇಡ, ಖರ್ಜೂರ ಇರಲಿ.
ಬಾಗಿದ ದೊಡ್ಡ ಪೈಪಿನ ಸರ್ವೇಯರ್ ಪೆಂಡಲ್ ಸಾಹೇಬರು
ವೆನಿಲ್ಲಾ ಬಳಿದ ತಂಬಾಕಿಗೆ ಯಾವುದು ಅಂದರು.
ಏನೂ ಹೊಂದುವುದಿಲ್ಲ, ಅಂದೆ.
ಒಂದು ತಿಂಗಳು ಮಾತು ಬಿಟ್ಟರು.
ಆಮೇಲೆ ವೆನಿಲ್ಲಾ ಬಿಟ್ಟರು.

ಹಾಲು ಮಾತ್ರ ಯಾವುದಕ್ಕೂ ಬೇಡ.
ಹಾಲು ಹೊಗೆಯ ತಲೆಗೆ ಕಂಬಳಿ ಹೊದಿಸಿಬಿಡುತ್ತದೆ.
ಹೀಗೆ ಹೇಳುವಾಗೆಲ್ಲ ನನ್ನ ಸ್ಟೀಲಿನ ಲೋಟವನ್ನು,
ಚಿಕೋರಿ ಬೆರೆಸಿದ ಹಾಲುಕಾಫಿಯನ್ನು,
ಗಲ್ಲಾಪೆಟ್ಟಿಗೆಯ ಹಿಂದಕ್ಕೆ ಸರಿಸುತ್ತೇನೆ.

ಎಲ್ಲಿ ಕಲಿತೆ ಇದನ್ನ, ಎಂದ ಖಲ್ಫಾನ್,
ದೋಣಿ ಮಾರಿ ಈಗ ಮೊಮ್ಮಗನ ಕಾರಿನಲ್ಲಿ ಬರುವ ಮುದುಕ.

ಏನಂತ ಹೇಳಲಿ.
ಪಿರಿಯಾಪಟ್ಟಣದ ಹೊರಗೆ, ಬ್ಯಾರನ್ ಮನೆಯ ಮುಂದೆ
ಸರದಿಯಂತೆ ಬೆಂಕಿ ಕಾಯುತ್ತಿದ್ದೆವು.
ಒಳಗೆ ಕಡ್ಡಿಗೆ ಕಟ್ಟಿದ ಎಲೆ
ಹಸಿರಿನಿಂದ ನಿಂಬೆಗೆ, ನಿಂಬೆಯಿಂದ ಅರಿಶಿನಕ್ಕೆ.
ಅವ್ವ ಸಣ್ಣತಾಯಮ್ಮ ಗ್ರೇಡು ಹಿಡಿಯುತ್ತಿದ್ದದ್ದು
ಕಣ್ಣಿನಿಂದಲ್ಲ.
ಹರಾಜಿನ ಸಾಹೇಬ ಬೇಲು ಬಿಚ್ಚಿಸಿ, ತಿರುವಿ, ಉಜ್ಜಿ ಹೇಳುವುದನ್ನು
ಬಾಗಿಲಲ್ಲೇ ನಿಂತು ಒಂದು ಉಸಿರಿಗೆ ಹೇಳುವಳು.
ಅಂಗೈಗೆ ಹತ್ತಿದ ಸೊಪ್ಪಿನ ಅಂಟು
ಹುಣಸೆಹಣ್ಣಿಗೂ ಜಗ್ಗುತ್ತಿರಲಿಲ್ಲ.
ಆ ಕೈಯಲ್ಲೇ ಕಾಫಿ,
ಕೊಡಗಿನಿಂದ ಇಳಿದ ಲಾರಿಯವರು
ಬೀಡಿಗೆ ಬದಲಾಗಿ ಕೊಟ್ಟುಹೋದ ಒಡಕು ಬೀಜದ್ದು.
ಲೋಟದ ಅಂಚಿಗೆ ಒಂದು ಕಹಿ,
ಒಳಗೆ ಇನ್ನೊಂದು.
ತುಟಿ ಅದನ್ನು ದಾಟಿಯೇ ಇದಕ್ಕೆ ಬರಬೇಕು.

ನನ್ನ ಅರ್ಧಂಬರ್ಧ ಅರಬ್ಬಿಗೆ ಇಷ್ಟೆಲ್ಲ ಬರಲಿಲ್ಲ.
ಉಮ್ಮಿ, ಎಂದೆ. ಮೂಗು ತೋರಿಸಿದೆ.
ಅವನು ತನ್ನ ಮೂಗು ಮುಟ್ಟಿಕೊಂಡ.

ರಂಜಾನ್ ಕಳೆದು ಎಷ್ಟೋ ದಿನ ಸುಳಿವಿಲ್ಲ.
ಬಂದಾಗ ಕಂದೂರದ ಒಳಗೆ ಇನ್ನಷ್ಟು ಸಣ್ಣಗಾಗಿದ್ದ.
ಎದೆಯಲ್ಲಿ ಸ್ಪ್ರಿಂಗು ಕೂರಿಸಿದ್ದಾರಂತೆ.
ಜೇಬಿನಿಂದ ಕೊಳವೆ ತೆಗೆದು, ಬೆಂಕಿ ಕೇಳದೆ,
ಸೊಪ್ಪು ಕೇಳದೆ, ಖಾಲಿಯಾಗಿಯೇ ಬಾಯಿಗಿಟ್ಟು,
ಹೇಳು, ಇದಕ್ಕೆ ಯಾವ ಕಾಫಿ? ಎಂದ.

ಭರಣಿಗಳನ್ನು ನೋಡಿದೆ. ತ್ಸೆಹಾಯ್ ಹುರಿಯುವುದು ಕೇಳುತ್ತಿತ್ತು.
ಗಲ್ಲಾಪೆಟ್ಟಿಗೆಯ ಹಿಂದಿನ ಲೋಟ ತೆಗೆದು
ಅವನ ಮುಂದಿಟ್ಟೆ.

ಹಾಲು ಬೇಡ ಅಂದಿದ್ದೆಯಲ್ಲ?
ಹೊಗೆ ಇದ್ದರೆ ಬೇಡ.

ಗುಟುಕರಿಸಿದ. ಕೊಳವೆ ಕಚ್ಚಿದ. ಮತ್ತೆ ಗುಟುಕರಿಸಿದ.
ಸಾಕೆನಿಸಿದಾಗ, ಎಲ್ಲರೂ ಕಿರುಬಟ್ಟಲನ್ನು ಮಾಡುವಂತೆ,
ರೂಢಿಯಲ್ಲಿ ಅತ್ತಿತ್ತ ಕುಲುಕಿದ.
ಪಾವು ಹಿಡಿಯುವ ಲೋಟ ಅದು, ಅವನಿಗೇನು ಗೊತ್ತು,
ಉಳಿದರ್ಧ ಕಾಫಿ ಗಾಜಿನ ಮೇಲೆ, ತಕ್ಕಡಿಯ ಮೇಲೆ,
ಬೆಳ್ಳನೆಯ ಕಂದೂರದ ಮೇಲೆ.

ನಕ್ಕು ಕೆಮ್ಮಿ, ಕೆಮ್ಮಿ ನಕ್ಕು,
ಬಿಲ್ಲು ಬರಿ ಎಂದ, ಹಟ ಹಿಡಿದ.
ಬರೆದೆ:
ಕೊಳವೆ, ಖಾಲಿ. ಒಂದು.